ಬಾವಿಗೆ ಹೇಳಿದ ಹೆಸರು

ನಿಪ್ಪಾಣಿಯ ನಮ್ಮ ಗಲ್ಲಿಯ ಗಣೇಶ ಮಂಡಳಿಯವರು ಆ ವರ್ಷದ ದೇಖಾವೆಯನ್ನು, ಅಂದರೆ ಗಣಪತಿಯ ಮುಂದೆ ಕಟ್ಟುವ ದೃಶ್ಯವನ್ನು, ನನಗೆ ಒಪ್ಪಿಸಿದಾಗ ನಾನು ಹಾಕಿದ ಕರಾರು ಒಂದೇ: ಕುಣಿಯುವ ಬೊಂಬೆ ಮಾಡುವುದಿಲ್ಲ. ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಗಣಪತಿ ಕೂಡಿಸಿದ ಪ್ರತಿ ಗಲ್ಲಿಯಲ್ಲೂ ಮೋಟಾರಿಗೆ ಬೆಲ್ಟು ಸಿಕ್ಕಿಸಿ ರಾಕ್ಷಸನ ಕೈ ಮೇಲೆ ಕೆಳಗೆ ಆಡಿಸುವುದು, ಹಿಂದೆ ಬಣ್ಣದ ಕಾಗದದ ಚಕ್ರ ತಿರುಗಿಸುವುದು, ಕ್ಯಾಸೆಟ್ಟಿನಲ್ಲಿ ಗುಡುಗಿನ ಸದ್ದು ಹಾಕುವುದು ನಡೆದೇ ಇತ್ತು. ಜನ ನೋಡಿ, ಕೈಮುಗಿದು, ಮುಂದಿನ ಗಲ್ಲಿಗೆ ಹೋಗುತ್ತಿದ್ದರು. ನನಗೆ ಅದನ್ನು ನೋಡಿ ನೋಡಿ ಸಾಕಾಗಿತ್ತು. ನೋಡುವವರು ಏನಾದರೂ ಮಾಡಿದರೆ ಮಾತ್ರ ನಡೆಯುವ, ಅವರು ಸುಮ್ಮನಿದ್ದರೆ ತಾನೂ ಸುಮ್ಮನಿರುವ ಒಂದು ದೇಖಾವೆ ಮಾಡಬೇಕೆಂಬ ಹುಚ್ಚು ಹಿಡಿದಿತ್ತು. ರೇಡಿಯೋ, ಟೇಪು ರಿಪೇರಿ ನನ್ನ ಹೊಟ್ಟೆಪಾಡು. ಅದಕ್ಕೂ ಮೊದಲು ಒಂದಿಷ್ಟು ಚಿತ್ರಕಲೆ ಕಲಿತಿದ್ದರಿಂದ ಗಲ್ಲಿಯವರ ಬಾಯಲ್ಲಿ ನಾನು ‘ಮಾಸ್ತರ’ ಆಗಿದ್ದೆ.

“ಹಂಗಾದ್ರ ಏನ್ ಮಾಡ್ತೀರಿ?” ಎಂದು ಮಂಡಳಿಯ ಅಧ್ಯಕ್ಷರು ಕೇಳಿದರು. ತಂಬಾಕಿನ ವ್ಯಾಪಾರದ ಮನೆತನದವರು, ನನಗಿಂತ ಚಿಕ್ಕವರು, ಮಾತಿನಲ್ಲಿ ಅರ್ಧ ಮರಾಠಿ.

“ಬಾವಿ ಮಾಡ್ತೀನ್ರಿ. ಮಾತಾಡೋ ಬಾವಿ.”

“ಅಹೋ ಮಾಸ್ತರ, ಬಾವಿ ನೋಡಾಕ ಮಂದಿ ಯಾಕ ಬರ್ತಾರ? ಹೊಲಕ್ಕೊಂದ ಬಾವಿ ಅದಾವ ನಮ್ಮ ಕಡೆ.”

“ನೋಡಾಕ ಅಲ್ರಿ, ಮಾತಾಡ್ಸಾಕ ಬರ್ತಾರ.”

ಅವರಿಗೆ ಅರ್ಥವಾಗಲಿಲ್ಲ. ಆದರೆ ಎದುರಿನ ಗಲ್ಲಿಯವರು ಸತತವಾಗಿ ಬಹುಮಾನ ಹೊಡೆಯುತ್ತಿದ್ದ ಹೊಟ್ಟೆಯುರಿ ಇತ್ತಲ್ಲ, ಹೂಂ ಅಂದರು.

ಬಾವಿ ಕಟ್ಟಿಕೊಟ್ಟವನು ನಮ್ಮ ಹಿಂದಿನ ಓಣಿಯ ಗೌಂಡಿ. ಮನೆ ಕಟ್ಟುವ ಕೈ, ಮಾತು ಕಡಿಮೆ, ಮದುವೆಯಾಗಿ ಹೆಚ್ಚು ದಿನವಾಗಿರಲಿಲ್ಲ. ಬಿದಿರಿನ ಚೌಕಟ್ಟಿಗೆ ಗೋಣಿತಟ್ಟು ಸುತ್ತಿ, ಮೇಲೆ ಪ್ಲಾಸ್ಟರ್ ಬಳಿದು ಎದೆಯೆತ್ತರದ ಬಾವಿಕಟ್ಟೆ ಎಬ್ಬಿಸಿದ. ನಾನು ಅದಕ್ಕೆ ಕರಿಕಲ್ಲಿನ ಬಣ್ಣ ಕೊಟ್ಟು ಸಂದಿಗಳಲ್ಲಿ ಪಾಚಿ ಬರೆದೆ. ತಳದಲ್ಲಿ ಎಣ್ಣೆಯ ಖಾಲಿ ಬ್ಯಾರಲ್ಲು ನಿಲ್ಲಿಸಿ ಅದರೊಳಗೆ ಸ್ಪೀಕರ್ ಇಟ್ಟೆ. ಬಾಯಿಯ ಒಳಬದಿಗೆ, ಕಣ್ಣಿಗೆ ಕಾಣದಂತೆ, ಮೈಕು. ನಡುವೆ ಒಂದು ಹಲಗೆಯ ಮೇಲೆ ಮಿರಜಿನ ಗುಜರಿಯಿಂದ ತಂದ ಎರಡು ಹಳೆಯ ಸ್ಪೂಲ್ ಟೇಪ್ ರೆಕಾರ್ಡರುಗಳು.

ಅದರ ಹಿಕಮತ್ತು ಇಷ್ಟೇ. ಟೇಪಿನ ಒಂದು ತುಂಡಿನ ಎರಡೂ ತುದಿ ಸೇರಿಸಿ ಅಂಟಿಸಿ ಬಳೆಯಂತೆ ಮಾಡಿ ಎರಡೂ ಯಂತ್ರಗಳ ಮೇಲೆ ಹಾಯಿಸಿದ್ದೆ. ಮೊದಲನೆಯ ಯಂತ್ರದ ಹೆಡ್ಡು ಮಾತನ್ನು ಟೇಪಿನ ಮೇಲೆ ಬರೆಯುತ್ತದೆ. ಟೇಪು ಹರಿದು ಎರಡನೆಯದಕ್ಕೆ ಹೋಗುತ್ತದೆ, ಅಲ್ಲಿನ ಹೆಡ್ಡು ಅದನ್ನು ಓದಿ ಸ್ಪೀಕರಿಗೆ ಕೊಡುತ್ತದೆ. ಸುತ್ತಿ ಮತ್ತೆ ಮೊದಲನೆಯದಕ್ಕೆ ಬಂದಾಗ ಅಳಿಸುವ ಹೆಡ್ಡು ಹಳೆಯ ಮಾತನ್ನು ಒರೆಸಿ ಹೊಸದಕ್ಕೆ ಜಾಗ ಮಾಡುತ್ತದೆ. ಬಾವಿಯ ಮುಂದೆ ಒಂದು ಮರದ ಹಲಗೆ. ಅದರ ಮೇಲೆ ನಿಂತರೆ ಕೆಳಗಿನ ಸ್ವಿಚ್ಚು ಒತ್ತಿ ಮೋಟಾರು ತಿರುಗುತ್ತದೆ, ಒಳಗೆ ನೀಲಿ ದೀಪ ಹತ್ತುತ್ತದೆ. ಬಗ್ಗಿ ಮಾತಾಡಿದರೆ, ಎರಡು ಉಸಿರಿನ ನಂತರ ನಿಮ್ಮದೇ ದನಿ ಬ್ಯಾರಲ್ಲಿನ ಆಳದಿಂದ ಎದ್ದು ಬರುತ್ತದೆ. ಹಲಗೆಯಿಂದ ಇಳಿದರೆ ಎಲ್ಲ ಬಂದ್.

ಗಣಪತಿ ಕೂತ ಮೊದಲ ಸಂಜೆ ಜನಕ್ಕೆ ನಾಚಿಕೆ. ಗಂಡಸರು “ಏ” ಅಂದು ಓಡಿದರು. ಕಾಲೇಜು ಹುಡುಗರು ಶೀಟಿ ಹೊಡೆದರು. ನನ್ನ ಬುದ್ಧಿವಂತಿಕೆ ಇಷ್ಟಕ್ಕೇ ಮುಗಿಯಿತೇ ಎಂದು ನನಗೆ ನನ್ನ ಮೇಲೇ ಸಿಟ್ಟು ಬಂದಿತ್ತು. ಆಗ ಹೆಂಗಸರ ಸಾಲಿನಲ್ಲಿದ್ದ ಒಬ್ಬ ಮುದುಕಿ ಹಲಗೆ ಹತ್ತಿ, ಸೆರಗು ಸರಿಮಾಡಿಕೊಂಡು, ಬಾವಿಗೆ ಒಂದು ಒಡಪು ಹೇಳಿಬಿಟ್ಟಳು. ನಮ್ಮ ಕಡೆ ಹೆಣ್ಣುಮಕ್ಕಳು ಗಂಡನ ಹೆಸರು ಹಿಡಿದು ಮಾತಾಡುವುದಿಲ್ಲ. ಮದುವೆ, ಕುಬಸದ ಹೊತ್ತಿನಲ್ಲಿ ಎಲ್ಲರೂ ಸೇರಿ ಕಾಡಿದರೆ ಮಾತ್ರ ಎರಡು ಸಾಲಿನ ಪ್ರಾಸ ಕಟ್ಟಿ, ಅದರೊಳಗೆ ಹೆಸರು ಹುದುಗಿಸಿ ಹೇಳುತ್ತಾರೆ. ಅದೇ ಒಡಪು. ಮುದುಕಿಯ ಗಂಡನ ಹೆಸರು ಬಾವಿಯೊಳಗಿಂದ ದಪ್ಪ ದನಿಯಲ್ಲಿ ತಿರುಗಿ ಬಂದಾಗ ಸಾಲಿನಲ್ಲಿದ್ದ ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ಆಮೇಲೆ ತಡೆಯುವವರೇ ಇಲ್ಲ. ಒಬ್ಬೊಬ್ಬರೂ ಬಂದು ಬಗ್ಗಿ, ಬಾಯಿಗೆ ಕೈ ಮರೆಮಾಡಿಕೊಂಡು, ಗಂಡನ ಹೆಸರು ಹೇಳಿ ಹೋದರು. ನಾನು ಯೋಚಿಸಿಯೇ ಇರದ ದೇಖಾವೆ ಅದು. ಅವರೇ ಮಾಡಿದರು. ಆ ಸಂಜೆಯಷ್ಟು ಖುಷಿಯಾಗಿ ನಾನು ಬೇರೆ ಯಾವತ್ತೂ ಕೆಲಸ ಮಾಡಿಲ್ಲ.

ಕೊನೆಗೆ ಬಂದವಳು ಗೌಂಡಿಯ ಹೆಂಡತಿ. ತಂಬಾಕು ಹಸನು ಮಾಡುವ ವಖಾರದಲ್ಲಿ ದುಡಿಯುವ ಹುಡುಗಿ, ಗಂಡ ಕಟ್ಟಿದ ಬಾವಿ ನೋಡಲು ಬಂದಿದ್ದಳು. ಆಗಲೇ ಹನಿ ಶುರುವಾಗಿತ್ತು. ಅವಳು ಹೇಳಿದ್ದನ್ನು ಮಂಟಪಕ್ಕೆ ಹೊದಿಸಿದ ತಾಡಪತ್ರಿಯ ಮೇಲಿನ ಮಳೆಯ ಸದ್ದಿನಲ್ಲಿ ನಾನು ಸರಿಯಾಗಿ ಕೇಳಿಸಿಕೊಳ್ಳಲಿಲ್ಲ. ಅವಳು ಇಳಿದ ಕೂಡಲೇ ಮೇನ್ ಸ್ವಿಚ್ಚು ತೆಗೆದೆ.

ಮರುದಿನ ಬೆಳಿಗ್ಗೆ ಪರದೆ ಇಳಿಬಿಟ್ಟುಕೊಂಡು ಯಂತ್ರ ಬಿಚ್ಚಿದೆ. ಹಿಂದಿನ ಸಂಜೆಯ ಕೊನೆಗೆ ದನಿ ಮಂದವಾಗಿತ್ತು. ಮೊದಲನೆಯ ಯಂತ್ರದ ಹೆಡ್ಡುಗಳನ್ನು ಅವು ಕೂತಿದ್ದ ತಗಡಿನ ಸಮೇತ ಹೊರತೆಗೆದು, ಸ್ಪಿರಿಟ್ಟಿನ ಹತ್ತಿಯಿಂದ ಒರೆಸಿ, ಸವೆದ ಒಂದು ಸ್ಕ್ರೂ ಬದಲಿಸಿ ಮತ್ತೆ ಕೂರಿಸಿದೆ. ಎರಡನೆಯ ಯಂತ್ರ ಚೆನ್ನಾಗಿಯೇ ಇತ್ತು, ಅದನ್ನು ಮುಟ್ಟಲಿಲ್ಲ. ಆ ಸಂಜೆ ದನಿ ಗಂಟೆಯಂತೆ ಬಂತು.

ಮೂರನೆಯ ದಿನ ಮಧ್ಯಾಹ್ನ ಸುದ್ದಿ ಬಂತು. ಗೌಂಡಿಯ ಹೆಂಡತಿ ಒಲೆಗೆ ಕುಳ್ಳು ತರಲು ಹಿತ್ತಲಿನ ಬಣವಿಗೆ ಕೈ ಹಾಕಿದ್ದಳು. ಒಳಗೆ ಹಾವು ಇತ್ತು. ದವಾಖಾನೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಆ ಸಂಜೆ ಮಂಡಳಿಯವರು ಹಾಡು ಹಚ್ಚಲಿಲ್ಲ. ಬಾವಿಯನ್ನೂ ತೆರೆಯಲಿಲ್ಲ.

ಅದಾದ ಮಾರನೆಯ ಸಂಜೆ, ವಖಾರದಲ್ಲಿ ಅವಳ ಜೊತೆ ಕೆಲಸ ಮಾಡುತ್ತಿದ್ದ ಹಿರಿಯ ಹೆಂಗಸೊಬ್ಬಳು ಹಲಗೆ ಹತ್ತಿದಳು. ಮಾತಾಡದೆ ಸುಮ್ಮನೆ ಬಗ್ಗಿ ನಿಂತಳು. ಆಮೇಲೆ ನೇರ ನನ್ನ ಹತ್ತಿರ ಬಂದಳು.

“ಮಾಸ್ತರ, ಬಾವಿಯೊಳಗ ನಮ್ಮ ಹುಡುಗಿ ಮಾತಾಡಾಕತ್ತಾಳ್ರಿ.”

“ಯಾವ ಹುಡುಗಿ?”

“ಗೌಂಡಿ ಹೇಣ್ತಿ. ದಿನಾ ನನ್ನ ಮಗ್ಗಲದಾಗ ಕುಂತ ತಂಬಾಕ ಹಸನ ಮಾಡ್ತಿದ್ಲು. ಆಕಿ ದನಿ ನನಗ ಗುರ್ತ ಸಿಗೂದಿಲ್ಲೇನು?”

“ಏನೇನರೆ ಹಬ್ಬಿಸಬ್ಯಾಡ ಅಕ್ಕಾ. ಒಬ್ರು ಮಾತಾಡಿದ್ದು ಮುಂದಿನವ್ರು ಬಂದ್ರ ಅಳಿಸಿ ಹೋಗತೈತಿ. ಹಂಗ ಮಾಡಿಟ್ಟೀನಿ ನಾನು.”

“ನೀವ ಮಾಡಿಟ್ಟಿದ್ದು ನಿಮಗ ಗೊತ್ರಿ. ನಾ ಕೇಳಿದ್ದು ನನಗ ಗೊತ್ತು,” ಎಂದು ಹೊರಟುಹೋದಳು.

ಮರುದಿನ ಮಧ್ಯಾಹ್ನ ಮಂಟಪದಲ್ಲಿ ಯಾರೂ ಇಲ್ಲದಾಗ ನಾನೇ ಹಲಗೆಯ ಮೇಲೆ ನಿಂತೆ. ಹೊರಗೆ ಬಿಸಿಲು, ಸೈಕಲ್ಲಿನ ಗಂಟೆ, ಚಹಾದಂಗಡಿಯ ಗದ್ದಲ. ಒಳಗೆ ಮೋಟಾರಿನ ಗುಂಯ್ ಸದ್ದು, ಟೇಪು ಹರಿಯುವ ಸರಸರ. ನಾನು ಉಸಿರು ಬಿಗಿಹಿಡಿದು ನಿಂತೆ. ಆ ಸರಸರದ ಅಡಿಯಲ್ಲಿ, ಗೋಡೆಯಾಚೆ ಯಾರೋ ಮಾತಾಡಿದಂತೆ, ಒಂದು ಹೆಣ್ಣುದನಿ ಬಂತು.

“ನೀರಿಲ್ಲದ ಬಾವೀಗಿ ತುಂಬಿದ ಕೊಡ ತಂದೀನಿ...”

ಆಮೇಲೆ ಗೌಂಡಿಯ ಹೆಸರು. ಅದನ್ನು ಇಲ್ಲಿ ಬರೆಯಲಾರೆ, ಅದು ಹೇಳಿದವಳದು. ಅದರ ಹಿಂದೆಯೇ, “ಹೆಸರ ಹೇಳಾಕ ಸಾಲಿನ್ಯಾಗ ನಿಂತೀನಿ.” ಮತ್ತೆ ಸರಸರ. ಟೇಪು ಒಂದು ಸುತ್ತು ಬಂದಾಗ ಮತ್ತೆ ಅದೇ.

ದೆವ್ವಗಿವ್ವದ ಮಾತು ಬಂದರೆ ಎದ್ದು ಹೋಗುವ ಮನುಷ್ಯ ನಾನು. ಆದರೆ ಹಲಗೆಯಿಂದ ಇಳಿದರೆ ಬಂದ್ ಆಗುತ್ತದೆ ಎಂದು ಗೊತ್ತಿದ್ದರೂ ಇಳಿಯಲಾಗಲಿಲ್ಲ. ಇಳಿದ ಮೇಲೂ ಬಾವಿಯ ಕಡೆ ಬೆನ್ನು ಹಾಕಲು ಧೈರ್ಯ ಬರಲಿಲ್ಲ.

ಹೆದರಿಕೆಗೆ ನನಗೆ ಗೊತ್ತಿದ್ದ ಔಷಧ ಎಂದರೆ ಸ್ಕ್ರೂಡ್ರೈವರ್. ಅಳಿಸುವ ಹೆಡ್ಡಿಗೆ ಕರೆಂಟು ಬರುತ್ತಿಲ್ಲವೇನೋ ಎಂದು ಮೀಟರ್ ಹಚ್ಚಿದೆ, ಬರುತ್ತಿತ್ತು. ಮೈಕಿನ ವಾಯರ್ ಎಲ್ಲಿಂದಲೋ ದನಿ ಎಳೆದುಕೊಳ್ಳುತ್ತಿದೆಯೇನೋ ಎಂದು ಹೊಸ ವಾಯರ್ ಹಾಕಿದೆ. ದನಿ ಹೋಗಲಿಲ್ಲ. ಮೈಕನ್ನೇ ಕಿತ್ತು ಬದಿಗಿಟ್ಟು, ಹಲಗೆಯ ಮೇಲೆ ಕಲ್ಲು ಹೇರಿ, ಯಂತ್ರವನ್ನು ಅದರ ಪಾಡಿಗೆ ಓಡಲು ಬಿಟ್ಟೆ. ಬರೆಯಲು ಏನೂ ಇಲ್ಲದಿದ್ದಾಗ ಅಳಿಸುವ ಹೆಡ್ಡು ಸುತ್ತು ಸುತ್ತಿಗೂ ಒರೆಸುತ್ತಲೇ ಇರುತ್ತದೆ, ಕೊನೆಗೆ ಟೇಪು ಕೋರಾ ಆಗಲೇಬೇಕು. ಚಹಾ ಕುಡಿದು ಬಂದು ಕಿವಿಗೊಟ್ಟೆ. ಉಳಿದೆಲ್ಲ ದನಿಗಳೂ ಒರೆಸಿಹೋಗಿದ್ದವು. ಅವಳೊಬ್ಬಳೇ ಉಳಿದಿದ್ದಳು. ಅಷ್ಟರಲ್ಲಿ ವೋಲ್ಟೇಜು ಬಿತ್ತು, ಮೋಟಾರು ನಿಧಾನವಾಯಿತು. ಅವಳ ದನಿ ಭಾರವಾಗಿ, ಒಂದೊಂದು ಅಕ್ಷರವನ್ನೂ ಎಳೆಯುತ್ತ, ನಿದ್ದೆಯಲ್ಲಿ ಮಾತಾಡಿದಂತೆ ಬರತೊಡಗಿತು. ನಾನು ಕಲ್ಲು ಒದ್ದು ಹೊರಗೆ ಓಡಿಬಂದೆ.

ಅಷ್ಟು ಹೊತ್ತಿಗೆ ಸುದ್ದಿ ಊರು ದಾಟಿತ್ತು. ಚಿಕ್ಕೋಡಿ, ರಾಯಬಾಗ ಕಡೆಯಿಂದಲೂ ಬಸ್ಸಿಳಿದು ಬರತೊಡಗಿದರು. ಈಗ ಯಾರೂ ಒಡಪು ಹೇಳಲಿಲ್ಲ. ಹಲಗೆ ಹತ್ತಿ, ಕಿವಿಗೊಟ್ಟು, ಕಣ್ಣೊರೆಸಿಕೊಂಡು ಇಳಿಯುತ್ತಿದ್ದರು. ಅವಳು ಮುತ್ತೈದೆಯಾಗಿ ಹೋದವಳಲ್ಲವೇ, ಹೆಂಗಸರು ಬಾವಿಗೆ ಉಡಿ ತುಂಬಲು ಶುರುಮಾಡಿದರು. ಅಕ್ಕಿ, ಕುಬಸದ ಖಣ, ಅಡಿಕೆ, ಅರಿಶಿಣ ಕುಂಕುಮ. ಕಟ್ಟೆಯ ಮೇಲೆ ಇಡಿ ಎಂದರೆ ಕೇಳುವವರಾರು? ಬಾವಿಯೊಳಗೇ ಬಿಡುತ್ತಿದ್ದರು. ಮಧ್ಯಾಹ್ನ ಬಾವಿಯೊಳಗೆ ನೋಡಿದರೆ ನನ್ನ ಯಂತ್ರಗಳ ಮೇಲೆ ಅಕ್ಕಿಕಾಳು, ಟೇಪಿನ ದಾರಿಯುದ್ದಕ್ಕೂ ಕೆಂಪು ಪುಡಿ. ಬ್ರಶ್ಶಿನಿಂದ ಗುಡಿಸಿ ಗುಡಿಸಿ ಸಾಕಾಯಿತು. ಬಾಯಿಗೆ ಸೊಳ್ಳೆಪರದೆಯ ಬಟ್ಟೆ ಕಟ್ಟಿ ನೋಡಿದೆ. ಅಕ್ಕಿ ನಿಂತಿತು, ಕುಂಕುಮ ನಿಲ್ಲಲಿಲ್ಲ.

ಅಧ್ಯಕ್ಷರ ಹಿಗ್ಗು ಹೇಳತೀರದು. “ಮಾಸ್ತರ, ಏಕದಮ್ ಭಾರಿ! ಆ ಆವಾಜ ಜರಾ ವಾಢವಾ ಕೀ. ಸಣ್ಣಗ ಬರಾಕತ್ತೈತಿ, ಹಿಂದಿನವ್ರಿಗೆ ಕೇಳಸೂದಿಲ್ಲ. ನಾಡದ ಬಹುಮಾನದವ್ರು ನೋಡಾಕ ಬರ್ತಾರ.”

“ಅದು ಯಾಕ ಬರಾಕತ್ತೈತಿ ಅನ್ನೂದ ನನಗ ಗೊತ್ತಿಲ್ರಿ. ದೊಡ್ಡದ ಹೆಂಗ ಮಾಡ್ಲಿ?”

“ಗೊತ್ತ ಮಾಡ್ಕೊಬ್ಯಾಡ್ರಿ ಮತ್ತ. ಬರೂದು ಬರ್ಲಿ.”

ಆ ಮಧ್ಯಾಹ್ನ ನಾನು ಗೌಂಡಿಯ ಮನೆಗೆ ಹೋದೆ. ಯಾಕೆ ಹೋದೆ ಎಂದು ಕೇಳಿದರೆ ಹೇಳಲಾರೆ, ಹೋಗದಿರಲು ಆಗಲಿಲ್ಲ. ಅವನು ಹೊಸ್ತಿಲ ಒಳಗೆ ಗೋಡೆಗೆ ಒರಗಿ ಕೂತಿದ್ದ. ತಲೆ ಬೋಳಿಸಿದ್ದರು.

“ಒಳಗ ಕರಿಯಾಂಗಿಲ್ರಿ ಮಾಸ್ತರ. ಸೂತಕ.”

“ಗೊತ್ತೈತಿ. ಇಲ್ಲೇ ನಿಂದರ್ತೀನಿ.”

ಅವನೇ ಬಾಯಿಬಿಟ್ಟ. “ಖರೇನ್ರೀ, ಮಂದಿ ಅನ್ನೂದು?”

“ದನಿಯಂತೂ ಐತಿ. ನಾ ಕೇಳೀನಿ. ಯಾಕ ಉಳದೈತಿ ಅನ್ನೂದ ಮಾತ್ರ ತಿಳಿವಲ್ದು.”

“ಏನ್ ಅಂತಾಳ?”

ನಾನು ಹೇಳಬಹುದಿತ್ತು. ಅವನೇ ಕೈಯೆತ್ತಿ ತಡೆದ.

“ಬ್ಯಾಡ, ನೀವ ಹೇಳಬ್ಯಾಡ್ರಿ. ಅವತ್ತ ನಾ ಹೊರಗ ಗಂಡಸರ ಸಾಲಿನ್ಯಾಗ ನಿಂತಿದ್ದೆ. ಆಕಿ ಹೊರಗ ಬಂದಾಗ ಒಂದs ಸವನ ನಗಾಕತ್ತಿದ್ಲು. ಏನ್ ಅಂದಿ ಅಂತ ಕೇಳಿದೆ. ‘ಬಾವೀನ್ನ ಕೇಳ್ರಿ’ ಅಂದ್ಲು. ಮರದಿನಾ ನಾ ಚಿಕ್ಕೋಡಿಗೆ ಕೆಲಸಕ್ಕ ಹ್ವಾದೆ. ಮದುವ್ಯಾಗೂ ಆಕಿ ಹೆಸರ ಹೇಳಲಿಲ್ರಿ. ಎಷ್ಟ ಕಾಡಿದ್ರೂ ತಲಿ ಬಗ್ಗಿಸಿ ಕುಂತ್ಲು. ನನ್ನ ಹೆಸರ ಆಕಿ ಬಾಯಾಗ ಹೆಂಗ ಬರತೈತಿ ನನಗ ಗೊತ್ತs ಇಲ್ಲ.” ಅವನು ಗಲ್ಲಿಯ ಕಡೆ ನೋಡಿದ. “ಊರ ಮಂದಿ ಎಲ್ಲಾ ಕೇಳಿ ಬರಾಕತ್ತೈತಿ. ನಾ ಒಬ್ಬಾವ ಕೇಳಿಲ್ಲ.”

ಸೂತಕದ ಮನೆಯವರು ಗಣಪತಿಯ ಮಂಟಪದೊಳಗೆ ಕಾಲಿಡುವಂತಿಲ್ಲ. ಅವನ ಸೂತಕ ಕಳೆಯುವ ಮೊದಲೇ ಗಣಪತಿ ನೀರಿಗೆ ಹೋಗುತ್ತಾನೆ, ಬಾವಿ ಕಿತ್ತುಹಾಕುತ್ತಾರೆ. ಸ್ಪೀಕರನ್ನು ಬೀದಿಗೆ ತಂದು ಕೇಳಿಸೋಣವೆಂದರೆ ಅವಳು ಬಾಯಿಗೆ ಕೈ ಮರೆಮಾಡಿಕೊಂಡು ಹೇಳಿದ್ದನ್ನು ಇಡೀ ಗಲ್ಲಿಗೆ ಸಾರಿದಂತಾಗುತ್ತದೆ.

“ನೀ ಕೇಳೂತನಾ ಅದನ್ನ ಇಡ್ತೀನಿ,” ಎಂದುಬಿಟ್ಟೆ. ಯಾಕೆ ಇದೆ ಎಂದೇ ತಿಳಿಯದ ವಸ್ತುವನ್ನು ಕಾಯುತ್ತೇನೆಂದು ಮಾತು ಕೊಟ್ಟು ಬಂದಿದ್ದೆ. ದಾರಿಯುದ್ದಕ್ಕೂ ನನ್ನನ್ನೇ ಬೈದುಕೊಂಡೆ.

ಮರುದಿನ ಮಧ್ಯಾಹ್ನ ಮತ್ತೆ ಪರದೆ ಇಳಿಸಿ ಕೂತೆ. ಎರಡನೆಯ ಯಂತ್ರದ ಹತ್ತಿರ ಟೇಪಿನ ಮೇಲೆ ಕುಂಕುಮ ಹತ್ತಿತ್ತು. ಟೇಪು ಓಡುತ್ತಿರುವಾಗಲೇ ಅದನ್ನು ಬೆಂಕಿಕಡ್ಡಿಯಿಂದ ಕೆರೆಯಲು ಹೋದೆ. ಕಡ್ಡಿ ಟೇಪನ್ನು ಒಂದು ಕೂದಲೆಳೆಯಷ್ಟು ಕೆಳಕ್ಕೆ ಒತ್ತಿತು. ಒಮ್ಮೆಲೇ ಅವಳ ದನಿ ದೊಡ್ಡದಾಯಿತು. ನನ್ನ ಪಕ್ಕದಲ್ಲೇ ನಿಂತು ಹೇಳಿದಷ್ಟು ಸ್ಪಷ್ಟ. ಕಡ್ಡಿ ತೆಗೆದೆ, ದನಿ ದೂರ ಹೋಯಿತು. ಒತ್ತಿದೆ, ಹತ್ತಿರ ಬಂತು.

ಆಗ ತಿಳಿಯಿತು. ಎರಡನೆಯ ದಿನ ಹೆಡ್ಡು ಬಿಚ್ಚಿ ಕೂರಿಸುವಾಗ ತಗಡಿನ ಅಡಿಯ ತೆಳು ಹಿತ್ತಾಳೆಯ ವಾಶರು ಹೊರಗುಳಿದಿತ್ತು. ಹುಡುಕಿದರೆ ಸ್ಕ್ರೂ ಡಬ್ಬಿಯಲ್ಲೇ ಸಿಕ್ಕಿತು. ಹಾಗಾಗಿ ಮೊದಲನೆಯ ಯಂತ್ರದ ಹೆಡ್ಡುಗಳು ಆ ವಾಶರಿನ ದಪ್ಪದಷ್ಟು ಕೆಳಕ್ಕೆ ಕೂತಿದ್ದವು. ಬರೆಯುವುದೂ ಅಳಿಸುವುದೂ ಟೇಪಿನ ಮೇಲಂಚನ್ನು ಬಿಟ್ಟು ಕೆಳಗೇ ನಡೆದಿತ್ತು. ಆ ಅಂಚಿನ ಮೇಲೆ ಹೆಡ್ಡು ಬಿಚ್ಚುವ ಮುನ್ನ ಕೊನೆಗೆ ಬರೆದ ಮಾತು ಹಾಗೇ ಉಳಿದಿತ್ತು. ಕೊನೆಗೆ ಮಾತಾಡಿದವಳು ಅವಳು. ಮುಟ್ಟದೆ ಬಿಟ್ಟ ಎರಡನೆಯ ಯಂತ್ರದ ಹೆಡ್ಡು ಹಳೆಯ ಎತ್ತರದಲ್ಲೇ ಇದ್ದು, ಆ ಅಂಚನ್ನೂ ಸವರಿಕೊಂಡು ಓದುತ್ತಿತ್ತು. ಇಷ್ಟೇ. ದೆವ್ವವಿಲ್ಲ, ದೇವರಿಲ್ಲ, ಒಂದು ವಾಶರು.

ಹಗುರಾಗಬೇಕಿತ್ತು. ಆಗಲಿಲ್ಲ. ಯಾಕೆಂದರೆ ಬೆರಳಿಗೆ ಹತ್ತಿದ ಕೆಂಪು ಪುಡಿಯನ್ನು ಬಿಸಿಲಿಗೆ ಹಿಡಿದು ನೋಡಿದೆ. ಅದರಲ್ಲಿ ಕುಂಕುಮದ ಕೆಂಪು ಅರ್ಧ, ಉಳಿದರ್ಧ ಕಂದು. ಕಂದು ಪುಡಿ ಟೇಪಿನದೇ. ಟೇಪಿನ ಮೇಲೆ ದನಿ ಹಿಡಿದಿಡುವ ಲೇಪ ಅದು. ಟೇಪನ್ನು ದಾರಿ ತಪ್ಪದಂತೆ ಹಿಡಿಯುವ ಗೈಡಿನಲ್ಲಿ ಕುಂಕುಮ ಸಿಕ್ಕಿಕೊಂಡು, ಅದಕ್ಕೆ ಉಜ್ಜಿ ಉಜ್ಜಿ ಮೇಲಂಚು ಸುಲಿಯುತ್ತಿತ್ತು. ಅಲ್ಲಲ್ಲಿ ಅಂಚು ಮುರುಟಿ ಪಾರದರ್ಶಕವಾಗಿತ್ತು. ಅವಳ ದನಿ ಇದ್ದದ್ದು ಅಲ್ಲೇ. ಅವಳನ್ನು ಕೇಳಲೆಂದು ಹಲಗೆ ಹತ್ತುವ ಒಬ್ಬೊಬ್ಬರೂ ಅವಳನ್ನು ಒಂದೊಂದು ಚೂರು ಉದುರಿಸಿ ಹೋಗುತ್ತಿದ್ದರು.

ಮುಂದಿನ ದಿನ ಬಹುಮಾನದವರು ಬರುವವರಿದ್ದರು. ಆ ಸಂಜೆಯ ಜನವನ್ನು ನೆನೆದೆ, ಗಲ್ಲಿಯ ಮೂಲೆಯವರೆಗೆ ನಿಲ್ಲುವ ಸಾಲು. ನನಗೂ ಬಹುಮಾನ ಬೇಕಿತ್ತು, ಸುಳ್ಳು ಯಾಕೆ ಹೇಳಲಿ? ಬೊಂಬೆ ಕುಣಿಸುವವರ ಮುಂದೆ ಒಮ್ಮೆಯಾದರೂ ಎದೆ ಸೆಟೆಸಿ ನಡೆಯಬೇಕೆಂಬ ಆಸೆ ನನಗೆ ಬಹಳ ದಿನದ್ದು. ಬ್ಲೇಡು ಹಿಡಿದು ಸ್ವಲ್ಪ ಹೊತ್ತು ಕೂತೆ. ಆಮೇಲೆ ಅಂಟಿಸಿದ್ದ ಜೋಡಣೆಯಲ್ಲೇ ಟೇಪು ಕತ್ತರಿಸಿ, ಬೆರಳಿಗೆ ಸಡಿಲವಾಗಿ ಸುತ್ತಿ, ಚಹಾಪುಡಿಯ ಖಾಲಿ ಡಬ್ಬಿಯಲ್ಲಿಟ್ಟೆ. ವಾಶರು ಅದರ ಜಾಗಕ್ಕೆ ಹಾಕಿ ಹೆಡ್ಡು ಸರಿಮಾಡಿದೆ. ಹೊಸ ಟೇಪು ಕಟ್ಟಿದೆ.

ಸಂಜೆ ಮೊದಲ ಹತ್ತಾರು ಹೆಂಗಸರು ಕಿವಿಗೊಟ್ಟು, ಮುಖ ಮುಖ ನೋಡಿಕೊಂಡು ಇಳಿದರು. ಅಧ್ಯಕ್ಷರು ಓಡಿಬಂದರು.

“ಏನ್ ಆತು? ಆವಾಜ ಎಲ್ಲಿ?”

“ತಗದೀನ್ರಿ.”

“ತಗದೀನಿ ಅಂದ್ರ? ನಾಳೆ ಅವ್ರ ಬರೂದೈತಿ!”

“ಇನ್ನೆರಡ ದಿನಾ ಓಡಿಸಿದ್ರ ಅದು ಉಳಿಯೂದಿಲ್ಲ. ಟೇಪ್ ಸುಲದ ಹೊಂಟೈತಿ. ಆಕಿ ಗಂಡ ಇನ್ನೂ ಕೇಳಿಲ್ಲ.”

ಅವರು ಸಿಟ್ಟಿನಲ್ಲಿದ್ದರು. ಆದರೆ ಅವರು ಹೇಳಿದ ಮಾತು ಹುರುಳಿಲ್ಲದ್ದಾಗಿರಲಿಲ್ಲ. “ಈ ಹೆಣ್ಣಮಕ್ಕಳು ಅಥಣಿಯಿಂದ, ಕಾಗವಾಡದಿಂದ ಉಡಿ ತುಂಬಾಕ ಬಂದಾರ. ಅವರಿಗೆ ಏನ್ ಹೇಳ್ಲಿ? ಒಬ್ಬಾಂವ ಕೇಳ್ಬೇಕಂತ ಇಷ್ಟ ಮಂದೀದು ಕಸಗೊಂಡ್ರೇನು? ನೀವ ಅಂದಿದ್ರಲ್ಲ, ಮಂದಿ ಮಾಡಿದ್ದs ದೇಖಾವೆ ಅಂತ. ಮಂದಿ ಮಾಡಿದ್ರು. ಈಗ ನೀವ ಕೆಡಿಸಿದ್ರಿ.”

“ಬಾವಿ ನಿಮ್ಮದ್ರಿ,” ಎಂದೆ. “ಟೇಪ್ ಅವಂದು.”

ಮರುದಿನ ಬಹುಮಾನದವರು ಬಂದರು. ಯಂತ್ರ ಅಷ್ಟು ಚೊಕ್ಕಟವಾಗಿ ಯಾವತ್ತೂ ಓಡಿರಲಿಲ್ಲ. ಒಬ್ಬರು ಬಗ್ಗಿ “ಹಲೋ” ಅಂದರು, ಬಾವಿ “ಹಲೋ” ಅಂದಿತು. ಅವರು ನಕ್ಕು ಮುಂದಿನ ಗಲ್ಲಿಗೆ ಹೋದರು. ಬಹುಮಾನ ಕುಣಿಯುವ ರಾಕ್ಷಸನಿಗೆ ಹೋಯಿತು. ಮಂಡಳಿಯವರು ಮುಂದೆ ಯಾವ ವರ್ಷವೂ ನನ್ನನ್ನು ಕರೆಯಲಿಲ್ಲ.

ಸೂತಕ ಕಳೆದು, ದಿನಕರ್ಮದ ಊಟ ಮುಗಿದ ಮಾರನೆಯ ಮಧ್ಯಾಹ್ನ ಗೌಂಡಿ ನನ್ನ ಅಂಗಡಿಗೆ ಬಂದ. ನಾನು ಎರಡನೆಯ ಯಂತ್ರವನ್ನು ಮೇಜಿನ ಮೇಲೆ ಸಿದ್ಧಮಾಡಿಟ್ಟಿದ್ದೆ. ಹೆಡ್ಡನ್ನು ಮೇಲಕ್ಕೆತ್ತಿ ಅಂಚಿನ ಮೇಲಷ್ಟೇ ಕೂರುವಂತೆ ಮಾಡಿದ್ದೆ. ಬೇರೆ ಯಾರ ದನಿಯೂ ನಡುವೆ ಬರಬಾರದು. ಟೇಪಿನ ಬಳೆಯನ್ನು ಮತ್ತೆ ಜೋಡಿಸಿದ್ದೆ. ಪಕ್ಕದಲ್ಲಿ ಕ್ಯಾಸೆಟ್ ರೆಕಾರ್ಡರಿಗೆ ತಂತಿ ಎಳೆದು ಹೊಸ ಕ್ಯಾಸೆಟ್ ಹಾಕಿದ್ದೆ. ಒಮ್ಮೆ ಓಡಿಸಿದರೆ ಸಾಕು, ನಕಲಾಗುತ್ತದೆ. ಆಮೇಲೆ ಟೇಪು ಸುಲಿದುಹೋದರೂ ಚಿಂತೆಯಿಲ್ಲ.

ಅವನು ಕ್ಯಾಸೆಟ್ಟನ್ನು ನೋಡಿದ. “ಅದು ಯಾಕ್ರಿ?”

ಹೇಳಿದೆ.

“ಅದು ಬ್ಯಾಡ್ರಿ. ಅವ್ವ ಅಂದಾಳ, ಆಕೀನ ಕಳಿಸಿ ಬಂದೀವಿ, ಇನ್ನ ಮನ್ಯಾಗ ಹಿಡದಿಡಬಾರ್ದು ಅಂತ.”

ನನಗೆ ಸಿಟ್ಟು ನೆತ್ತಿಗೇರಿತು. “ಹುಚ್ಚನಂಗ ಮಾಡಬ್ಯಾಡಲೇ. ಈ ಅಂಚ ಎಷ್ಟ ಸುತ್ತ ತಡಿತೈತಿ ನನಗ ಗೊತ್ತಿಲ್ಲ. ಇದs ಕಡೀದು. ಮುಂದ ಬೇಕಂದ್ರ ಎಲ್ಲಿಂದ ತರ್ಲಿ?”

“ಅವ್ವ ಅಂದದ್ದಕ್ಕಷ್ಟs ಅಲ್ರಿ,” ಎಂದ ಮೆಲ್ಲಗೆ. “ಕೈಯಾಗಿದ್ರ ನಾ ದಿನಾ ಹಚ್ಚತೀನಿ. ಮತ್ತ ಬ್ಯಾರೆ ಏನೂ ಮಾಡಾಕ ಆಗೂದಿಲ್ಲ ನನಗ. ಇದ್ದಷ್ಟ ಇರ್ಲಿ.”

ಅವನಿಗೆ ಹೇಳದೆ ತಂತಿಯನ್ನು ಹಾಗೇ ಬಿಡಬಹುದಿತ್ತು. ಅವನಿಗೆ ತಿಳಿಯುತ್ತಿರಲಿಲ್ಲ. ಮನಸ್ಸು ಅದನ್ನೇ ಹೇಳುತ್ತಿತ್ತು. ತಂತಿ ಕಿತ್ತು ಬದಿಗಿಟ್ಟೆ.

ಬಾಗಿಲು ಮುಂದೆ ಮಾಡಿ ಯಂತ್ರ ಹಚ್ಚಿದೆ. ಮೊದಲು ಮಳೆಯ ಸದ್ದು. ಆಮೇಲೆ ಅವಳ ದನಿ, ಬಾವಿಯ ಆಳವಿಲ್ಲದೆ, ಬರೀ ಅವಳದೇ. ನೀರಿಲ್ಲದ ಬಾವಿ, ತುಂಬಿದ ಕೊಡ. ಹೆಸರು ಬಂದಾಗ ಅವನು ಎರಡೂ ಕೈಯಿಂದ ಮೇಜಿನ ಅಂಚು ಹಿಡಿದುಕೊಂಡ. ಸಾಲಿನ್ಯಾಗ ನಿಂತೀನಿ. ಅಲ್ಲಿಗೆ ಮುಗಿಯಿತೆಂದು ನಾನು ತಿಳಿದಿದ್ದೆ, ಬಾವಿಯಲ್ಲಿ ಅಷ್ಟೇ ಕೇಳಿಸುತ್ತಿತ್ತು. ಆದರೆ ಈಗ, ಹೆಡ್ಡು ಪೂರಾ ಅಂಚಿನ ಮೇಲಿದ್ದಾಗ, ಹಿಂದೆ ಬಳೆಯ ಸದ್ದಾಯಿತು, ತಡೆದ ನಗು ಬಂತು. ಬಾವಿಯ ಕಡೆಯಿಂದ ಮುಖ ತಿರುಗಿಸಿ ಗಂಡಸರ ಸಾಲಿನ ಕಡೆಗೆ ಕೇಳಿದಂತೆ, ಸಣ್ಣ ದನಿಯಲ್ಲಿ ಒಂದು ಮಾತು.

“ಕೇಳಿಸ್ತೇನ್ರಿ?”

ಗೌಂಡಿ ತಟ್ಟನೆ ತಲೆಯೆತ್ತಿದ. ಒಳಮನೆಯಿಂದ ಹೆಂಡತಿ ಕೇಳಿದರೆ ಪಡಸಾಲೆಯಲ್ಲಿ ಕೂತವರು ಹೇಗೆ ಹೇಳುತ್ತಾರೋ ಹಾಗೆ ಹೇಳಿದ. “ಹೂಂ. ಕೇಳಿಸ್ತು.”

ಟೇಪು ಸುತ್ತಿ ಬಂತು. ಮಳೆ, ಒಡಪು, ಹೆಸರು, ಬಳೆ. “ಕೇಳಿಸ್ತೇನ್ರಿ?”

“ಕೇಳಿಸ್ತು,” ಎಂದ.

ಮತ್ತೊಂದು ಸುತ್ತು, ಮತ್ತೊಂದು. ಹೆಡ್ಡಿನ ಬುಡದಲ್ಲಿ ಕಂದು ಪುಡಿ ಸೇರುತ್ತಿದ್ದುದನ್ನು ನಾನು ನೋಡುತ್ತಿದ್ದೆ. ಮೊದಲು ಮಳೆ ಹೋಯಿತು. ಆಮೇಲೆ ಒಡಪಿನ ನಡುನಡುವೆ ಅಕ್ಷರಗಳು ಜಾರಿದವು. ಹೆಸರು ಅರ್ಧವಾಯಿತು, ಹೋಯಿತು. ನಿಲ್ಲಿಸಲೇ ಎಂದು ಅವನ ಮುಖ ನೋಡಿದೆ. ಅವನು ತಲೆಯಾಡಿಸಿದ, ಬೇಡ ಎಂದು. ಪ್ರತಿ ಸುತ್ತಿಗೂ ಕೊನೆಯ ಮಾತು ತೆಳ್ಳಗಾಗುತ್ತ ಬಂತು, ಪ್ರತಿ ಸುತ್ತಿಗೂ ಅವನು ಉತ್ತರ ಕೊಟ್ಟ. ಅವನ ಕೆನ್ನೆ ಒದ್ದೆಯಾಗಿತ್ತು. ದನಿ ಮಾತ್ರ ನಡುಗಲಿಲ್ಲ.

ಕೊನೆಗೆ ಒಂದು ಸುತ್ತಿನಲ್ಲಿ ಬರೀ ಸರಸರ. ಅವನು ಕಿವಿಗೊಟ್ಟು ಕೂತಿದ್ದ. ಆ ಮಾತಿನ ಜಾಗ ಬಂದಾಗ, “ಕೇಳಿಸ್ತು,” ಎಂದ.

ನನಗೆ ಏನೂ ಕೇಳಿಸಿರಲಿಲ್ಲ.